ಇಸ್ತ್ರಿ ಮೇಜಿನ ಕೆಳಗೆ

ಈ ಸಲ ಬಂದದ್ದು ಒಂಬತ್ತು ಪುಸ್ತಕ.
ರಜೆ ಮುಗಿಸಿ ಹೊರಟ ತನಿಯಪ್ಪ ಏರ್‌ಪೋರ್ಟಿನ ತಕ್ಕಡಿಯೆದುರು
ಹಪ್ಪಳದ ಕಟ್ಟು ತೆಗೆದು ಭಾವನ ಕೈಗಿತ್ತು
ಇವನ್ನು ಉಳಿಸಿಕೊಂಡನಂತೆ.
"ಹೆಂಡತಿಗೆ ಹೇಳಬೇಡಿ ಹಮ್ಮಬ್ಬಾಕಾ."
ಹೇಳುವುದಿಲ್ಲ.

ರೂವಿಯ ಈ ಓಣಿಯಲ್ಲಿ ನನ್ನದು ಲಾಂಡ್ರಿ.
ಮೇಲೆ ತೂಗುವ ದಿಶ್ದಾಶಾಗಳು,
ಗಂಜಿ ಕುಡಿದು ಬಿಗಿದುಕೊಂಡ ಕಸೂತಿ ಟೋಪಿಗಳು,
ಮೇಜಿನ ಕೆಳಗೆ, ಸಾಬೂನಿನ ಖಾಲಿ ಪೆಟ್ಟಿಗೆಯಲ್ಲಿ
ಹೊಸ ಕನ್ನಡ.
ಬಾಡಿಗೆಯಿಲ್ಲ, ರಸೀದಿಯಿಲ್ಲ.
ಹಿಂದೆ ಕೊಡುವಾಗ ಒಂದು ಮಾತು ಹೇಳಬೇಕು, ಅಷ್ಟೇ.
"ಚೆನ್ನಾಗಿದೆ" ಎಂದು ಬಿಟ್ಟು ಹೋದವರಿಗೆ
ಎರಡನೆಯದು ಸಿಗುವುದಿಲ್ಲ.

ಸಿಸಿಲಿ ಬಾಯಿ, ನಿಮ್ಮ ರಾತ್ರಿ ಪಾಳಿಗೆ ಇದು:
'ಹನ್ನೊಂದನೇ ಮಹಡಿಯ ನಲ್ಲಿ'. ಪತ್ತೇದಾರಿ.
ಕೊಂದದ್ದು ಯಾರೆಂದು ನೂರನೇ ಪುಟಕ್ಕೇ ತಿಳಿದಿತ್ತು ನನಗೆ,
ಆದರೂ ಕೊನೆಯ ಅಧ್ಯಾಯ ಓದುತ್ತಾ ಓದುತ್ತಾ
ಬ್ಯಾಂಕಿನವರೊಬ್ಬರ ತೋಳು ಸುಟ್ಟೆ.
ಗಾಬರಿ ಬೇಡ, ಅಂಗಿಯ ತೋಳು.
ಆರು ರಿಯಾಲ್ ದಂಡ.
ಇದಕ್ಕಿಂತ ದೊಡ್ಡ ವಿಮರ್ಶೆ ನನಗೆ ಬಾರದು.

ಭರಮಪ್ಪ, ನೀನು ಯಾವಾಗಲೂ ದಪ್ಪದ್ದೇ ಕೇಳುತ್ತೀ,
ದಿಂಬಿಗೂ ಆಗುತ್ತದೆಂದು.
ತಗೋ, 'ಕಲ್ಲುಗಣಿಯ ಕಿರ್ದಿ', ಆರುನೂರು ಪುಟದ ಕಾದಂಬರಿ.
ಮೊದಲ ಎಂಬತ್ತು ಪುಟ ನಮ್ಮ ಹಮ್ರಿಯಾ ಬಸ್ಸಿನ ಹಾಗೆ,
ನಿಂತಲ್ಲೆಲ್ಲ ಒಬ್ಬ ಅಜ್ಜ ಹತ್ತುತ್ತಾನೆ, ಯಾರೂ ಇಳಿಯುವುದಿಲ್ಲ.
ಆಮೇಲೆ ಒಬ್ಬಳು ಬಂಡೆಗೆ ಕಿವಿಯಿಟ್ಟು ಕೂರುತ್ತಾಳೆ.
ಅಲ್ಲಿಂದ ಮುಂದೆ
ಫೋರ್‌ಮನ್ ಕರೆದರೂ ನಿನಗೆ ಕೇಳಿಸದು.
ಶುಕ್ರವಾರವೇ ಶುರು ಮಾಡು.

ಅಡುಗೆ ಪುಸ್ತಕವೂ ಒಂದಿದೆ.
ಅದಕ್ಕೆ ಕಾದಿರುವವರು ಕ್ಯಾಂಪಿನ ಹುಡುಗರು,
ಒಲೆ ಹಚ್ಚಲು ಅನುಮತಿ ಇಲ್ಲದವರು.
ಗಟ್ಟಿಯಾಗಿ ಓದುತ್ತಾರೆ: ಸಾಸಿವೆ ಸಿಡಿದ ಮೇಲೆ, ಕರಿಬೇವು,
ಆಮೇಲೆ ಯಾರೂ ಮಾತಾಡುವುದಿಲ್ಲ.
ನಲವತ್ತೆರಡನೇ ಪುಟದಲ್ಲಿ ಎಣ್ಣೆಯ ಕಲೆ ಬಿದ್ದಿದೆ.
ಬೇಯಿಸಿದವರೇ ಇಲ್ಲವಲ್ಲ ಮಾರಾಯ್ರೆ, ಕಲೆ ಎಲ್ಲಿಂದ ಬಂತು?

ಈ ತೆಳ್ಳಗಿನದು ಕವಿತೆ, 'ಮೊಳೆ ಕಿತ್ತ ಜಾಗ'.
ನನ್ನ ಒಗೆಯುವ ಬಟ್ಟೆಯ ತಕ್ಕಡಿಯಲ್ಲಿ ನೂರ ಹತ್ತು ಗ್ರಾಂ.
ಅರ್ಧ ನನಗೆ ಅರ್ಥವಾಗಲಿಲ್ಲ.
ಉಳಿದರ್ಧದಲ್ಲಿ ಒಂದು ಕಡೆ
ಕಾಲರಿನ ಒಳಮಡಿಕೆಯ ಬೆವರಿನ ಗೆರೆ ಬರುತ್ತದೆ.
ಬರೆದವರು ಯಾರೋ ನಮ್ಮ ಕಸುಬಿನವರೇ. ಬೇಕಾದವರು ಒಯ್ಯಿ.

'ಬೆಟ್ಟಕ್ಕೆ ಎಷ್ಟು ವಯಸ್ಸು', ಇದು ವಿಜ್ಞಾನ.
ಓದುತ್ತಾ ಬಾಗಿಲಾಚೆ ನೋಡಿದೆ.
ಎದುರಿನ ಈ ಸುಟ್ಟ ಕಪ್ಪು ಬೆಟ್ಟ
ಒಂದು ಕಾಲಕ್ಕೆ ಕಡಲಿನ ತಳವಂತೆ.
ಇಪ್ಪತ್ತಾರು ವರ್ಷ ಅದರೆದುರು ನಿಂತಿದ್ದೇನೆ,
ಒಂದು ದಿನವಾದರೂ ಬಾಯಿ ಬಿಟ್ಟಿತೇ!

ಇನ್ನೊಂದಿದೆ.
'ಎಲೆಯ ಮೇಲೆ ಹೆಸರು'.
ಐವತ್ತು ದಾಟಿ ಅಕ್ಷರ ಕಲಿತ ಬೀಡಿ ಕಟ್ಟುವ ಹೆಂಗಸೊಬ್ಬಳ ಆತ್ಮಕಥೆ.
ಮೂವತ್ತೊಂದನೇ ಪುಟದಲ್ಲಿ ಅವಳ ಪಕ್ಕ ಕೂತ ಹುಡುಗಿ
ದಿನಕ್ಕೆ ಸಾವಿರ ಬೀಡಿ ಕಟ್ಟಿ
ಅಣ್ಣನ ವೀಸಾಕ್ಕೆ ದುಡ್ಡು ಕೂಡಿಸುತ್ತಾಳೆ.
ಹುಡುಗಿಗೆ ಹೆಸರಿಲ್ಲ.
ಅಣ್ಣ ಹೋದ ಊರಿಗೂ ಹೆಸರಿಲ್ಲ.
ನಮ್ಮ ಕಡೆ ಮನೆಗೊಬ್ಬಳು ಹಾಗೆ ಇದ್ದಳು,
ನಮ್ಮ ಮನೆಯಲ್ಲಿ ಅವ್ವಮ್ಮ ಇದ್ದಳು.
ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ
ಪುಸ್ತಕ ಮುಚ್ಚಿಟ್ಟೆ.

ಓದಿ ಮುಗಿಸದ ಪುಸ್ತಕವನ್ನು
ಓದಿ ಎಂದು ಹೇಳಬಾರದು, ಅದು ನನ್ನದೇ ಕಾನೂನು.
ಇವತ್ತು ಮುರಿಯುತ್ತೇನೆ. ಯಾರಾದರೂ ಒಯ್ಯಿರಿ,
ಬೇಗ ಓದಿ, ಬಂದು ಹೇಳಿ:
ಆ ಹುಡುಗಿ ಮುಂದೆ ಎಲ್ಲಾದರೂ ಬರುತ್ತಾಳೆಯೇ?
ಅವಳಿಗೂ ಯಾರಾದರೂ ಅಕ್ಷರ ಕಲಿಸುತ್ತಾರೆಯೇ?

ಜುಮಾ ಮುಗಿದ ಮೇಲೆ ಅಂಗಡಿ ತೆರೆದಿರುತ್ತದೆ.
ಕೈ ಒರೆಸಿಕೊಂಡು ಬನ್ನಿ.